ಮಹಡಿಯ ಬಚ್ಚಲಿಗೆ ಟೈಲ್ಸ್: ಮೊದಲು ಹಲಗೆಯ ವಿಚಾರ

ಅಡಿಕೆಗೆ ತಕ್ಕಮಟ್ಟಿನ ಧಾರಣೆ ಸಿಕ್ಕಿದ ಈಚಿನ ವರ್ಷಗಳಲ್ಲಿ ನಿಟ್ಟೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳೆಯ ಮನೆಗಳಲ್ಲಿ ದುರಸ್ತಿ ಕೆಲಸ ಭರದಿಂದ ನಡೆದಿದೆ. ಇದು ಸಂತೋಷದ ಸಂಗತಿಯೇ. ತೋಟದಲ್ಲಿ ದುಡಿದವರು ಮನೆಯಲ್ಲಿ ನಾಲ್ಕು ದಿನ ಸುಖವಾಗಿರುವುದನ್ನು ಯಾರು ತಾನೆ ಬೇಡವೆಂದಾರು? ಆದರೆ ಈ ದುರಸ್ತಿಗಳ ಪೈಕಿ ಒಂದನ್ನು ಕುರಿತು ಸದಸ್ಯ ಬಾಂಧವರೊಡನೆ ಕೆಲವು ಮಾತು ಆಡಬೇಕಾಗಿದೆ. ಅದು ಮರದ ಹಲಗೆ ಹಾಸಿದ ಮಹಡಿಯಲ್ಲಿ ಒಂದು ಕೋಣೆಯನ್ನು ಬಚ್ಚಲು ಮನೆಯಾಗಿ ಮಾರ್ಪಡಿಸಿ ಟೈಲ್ಸ್ ಹಾಕಿಸುವ ಕೆಲಸ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಕೆಲಸದಲ್ಲಿ ಕಣ್ಣಿಗೆ ಕಾಣುವ ಟೈಲ್ಸ್ ಕೊನೆಯ ಮತ್ತು ಚಿಕ್ಕ ಭಾಗ. ಅದರ ಕೆಳಗೆ ಮುಚ್ಚಿಹೋಗುವ ತೊಲೆ, ಜಂತೆ, ಹಲಗೆ ಮತ್ತು ನೀರು ತಡೆಯುವ ಪದರ, ಇವೇ ನಿಜವಾದ ಬಚ್ಚಲು. ಹಣ, ವೇಳೆ, ವಿಚಾರ ಮೂರನ್ನೂ ಮೊದಲು ಅಲ್ಲಿ ವ್ಯಯಿಸಬೇಕು. ಅದು ಸಾಧ್ಯವಿಲ್ಲದಿದ್ದರೆ ಮರದ ಮಹಡಿಯ ಮೇಲೆ ಬಚ್ಚಲು ಮಾಡಿಸಲೇಬಾರದು. ಹೋಗುವುದು ನಾಲ್ಕು ಟೈಲ್ಸ್ ಅಲ್ಲ, ಅಜ್ಜ ಮುತ್ತಜ್ಜರು ಕಟ್ಟಿಸಿದ ಇಡೀ ಮನೆ.

ಹಿರಿಯರು ನೀರನ್ನೂ ಮರವನ್ನೂ ದೂರ ಇಟ್ಟದ್ದು ಏಕೆ

ನಮ್ಮ ಕಡೆಯ ಹಳೆಯ ಮನೆಗಳ ರಚನೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಬಹುದು. ದಪ್ಪನೆಯ ಮಣ್ಣಿನ ಅಥವಾ ಕಲ್ಲಿನ ಗೋಡೆ, ಅದರ ಮೇಲೆ ಹೊನ್ನೆ, ಮತ್ತಿ, ತೇಗ ಅಥವಾ ಬೇವಿನ ತೊಲೆ, ತೊಲೆಯಿಂದ ತೊಲೆಗೆ ಜಂತೆ, ಜಂತೆಯ ಮೇಲೆ ಹಲಗೆ. ಅನುಕೂಲ ಕಡಿಮೆಯಿದ್ದವರು ಹಲಗೆಯ ಬದಲು ಅಡಿಕೆ ದಬ್ಬೆ ಹರಡಿ ಮೇಲೆ ಮಣ್ಣು ಬಡಿಯುತ್ತಿದ್ದರು. ಪೇಟೆಯ ಮನೆಗಳಲ್ಲಿ ಜಂತೆಗಳ ಮೇಲೆ ಇಟ್ಟಿಗೆಯನ್ನು ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಮದ್ರಾಸ್ ತಾರಸಿ ಇರುತ್ತಿತ್ತು. ಈ ಮೂರು ಬಗೆಯಲ್ಲೂ ಭಾರ ಹೊರುವುದು ಮರವೇ.

ಹೀಗೆ ಕಟ್ಟಿದವರು ಬಚ್ಚಲನ್ನು ಮಾತ್ರ ಎಂದೂ ಮೇಲಕ್ಕೆ ಒಯ್ಯಲಿಲ್ಲ. ಅದು ಹಿತ್ತಿಲ ಕಡೆಗೆ, ನೆಲದ ಮೇಲೆ, ಕಲ್ಲು ಚಪ್ಪಡಿ ಹಾಸಿಕೊಂಡು ಇರುತ್ತಿತ್ತು. ಪಕ್ಕದಲ್ಲಿ ಒಲೆ, ಒಲೆಯ ಮೇಲೆ ಹಂಡೆ. ಮಿಂದ ನೀರು ನೇರವಾಗಿ ಬಾಳೆಯ ಬುಡಕ್ಕೋ ತೆಂಗಿನ ಪಾತಿಗೋ ಹೋಗುತ್ತಿತ್ತು. ಇದನ್ನು ಬರೀ ಮಡಿ ಮೈಲಿಗೆಯ ವಿಚಾರವೆಂದು ತಳ್ಳಿಹಾಕಬೇಕಾಗಿಲ್ಲ. ನೀರು ಮತ್ತು ಮರ ಒಂದೆಡೆ ಇರಬಾರದೆಂಬ ಕಟ್ಟಡದ ತಿಳಿವಳಿಕೆಯೂ ಅದರಲ್ಲಿ ಇತ್ತು.

ಮರ ಬಾಳುವುದಿಲ್ಲವೆಂದು ಯಾರೂ ಇದರಿಂದ ತಿಳಿಯಬಾರದು. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರಲ್ಲಿ ಕಟ್ಟಿದ್ದು. ಬೆಂಗಳೂರು ಕೋಟೆಯ ಬಳಿಯ ಟಿಪ್ಪುವಿನ ಬೇಸಗೆ ಅರಮನೆ ಮುಗಿದದ್ದು 1791ರಲ್ಲಿ. ಎರಡರಲ್ಲೂ ಮರದ ಕಂಬ, ಮರದ ತೊಲೆಗಳು ಇನ್ನೂರು ವರ್ಷ ದಾಟಿ ಇಂದಿಗೂ ನಿಂತಿವೆ. ಮೇಲೆ ಸೂರು ಸರಿಯಾಗಿದ್ದು, ಗಾಳಿಯಾಡುತ್ತಾ ಒಣಗಿರುವ ಮರಕ್ಕೆ ವಯಸ್ಸು ಬಹಳ. ನಮ್ಮ ನಿಟ್ಟೂರಿನ ಹೊಯ್ಸಳರ ಕಾಲದ ಜೈನ ಬಸದಿಯೂ ಬಾಳಿದೆ, ಆದರೆ ಅದು ಕಲ್ಲಿನದು, ಮಳೆಯಲ್ಲಿ ನೆನೆದರೂ ತಡೆದೀತು. ಮರದ ಮನೆಗೆ ಆ ಭಾಗ್ಯವಿಲ್ಲ. ಮರದ ತೇವ ನೂರಕ್ಕೆ ಇಪ್ಪತ್ತರ ಒಳಗಿದ್ದರೆ ಕೊಳೆಯುವ ಭಯವಿಲ್ಲವೆಂಬುದು ಬಲ್ಲವರ ಲೆಕ್ಕ. ಅದನ್ನು ಮೀರಿ ತಿಂಗಳುಗಟ್ಟಲೆ ನೆನೆದಿದ್ದರೆ ಬೂಷ್ಟು ಒಳಗೆ ಇಳಿಯುತ್ತದೆ, ಅದರ ಹಿಂದೆಯೇ ಗೆದ್ದಲು ಬರುತ್ತದೆ.

ಬೇಕೆನ್ನುವುದು ತಪ್ಪಲ್ಲ

ಹಾಗೆಂದು ಮಹಡಿಯ ಮೇಲೆ ಬಚ್ಚಲು ಕೇಳುವವರನ್ನು ಗೇಲಿ ಮಾಡುವುದು ಸರಿಯಲ್ಲ. ಮಂಡಿನೋವಿನ ತಾಯಿಯೊಬ್ಬರು ಮಳೆಯ ರಾತ್ರಿಯಲ್ಲಿ ಕಿರಿದಾದ ಮರದ ಏಣಿ ಇಳಿದು, ತೊಟ್ಟಿ ದಾಟಿ, ಹಿತ್ತಿಲಿಗೆ ಹೋಗಬೇಕೆಂದರೆ ಅದು ಸಣ್ಣ ಕಷ್ಟವಲ್ಲ. ಬಾಣಂತಿಯರಿಗೆ, ಬೆನ್ನು ಹಿಡಿದವರಿಗೆ, ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಮಕ್ಕಳು ಮೊಮ್ಮಕ್ಕಳಿಗೆ ಅದೇ ಕಷ್ಟ. ಮಲೆನಾಡು, ಕೊಡಗಿನ ಕಾಫಿ ಬೆಳೆಗಾರರ ಉಪ್ಪರಿಗೆ ಮನೆಗಳಲ್ಲಿ ಮಳೆಗಾಲವೇ ಅರ್ಧ ವರ್ಷ. ಅಲ್ಲಿ ಈ ಬೇಡಿಕೆ ಇನ್ನೂ ನ್ಯಾಯವಾದದ್ದು. ಬಚ್ಚಲು ಬೇಡವೆಂದು ನಾವು ಹೇಳುತ್ತಿಲ್ಲ. ಅದನ್ನು ಮಾಡುವ ಕ್ರಮದ ಬಗ್ಗೆಯೇ ನಮ್ಮ ತಕರಾರು.

ಈಗ ನಡೆಯುತ್ತಿರುವ ಕ್ರಮ

ಸಾಮಾನ್ಯವಾಗಿ ಈಗ ನಡೆಯುವುದು ಹೀಗೆ. ಟೈಲ್ಸ್ ಕೆಲಸದವರಿಗೆ ಚದರಡಿಗೆ ಇಷ್ಟೆಂದು ಗುತ್ತಿಗೆ. ಅವರು ಬಂದು ಹಲಗೆಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಇಳಿಜಾರು ಬರಲೆಂದು ಇಟ್ಟಿಗೆ ಚೂರು, ಮರಳು, ಸಿಮೆಂಟು ಸೇರಿಸಿ ಮೂರು ಅಂಗುಲ ತುಂಬುತ್ತಾರೆ. ಮೇಲೆ ಸಿಮೆಂಟು ಹಾಲು ಸುರಿದು ಟೈಲ್ಸ್ ಕೂರಿಸಿ, ಸಂದಿಗೆ ಬಿಳಿ ಸಿಮೆಂಟು ತಿಕ್ಕಿ, ಮೂರನೆಯ ದಿನ ಹಣ ಎಣಿಸಿಕೊಂಡು ಹೋಗುತ್ತಾರೆ. ಆರ್.ಸಿ.ಸಿ. ತಾರಸಿಯ ಮೇಲೆ ಅವರು ಕಲಿತ ವಿದ್ಯೆ ಇದು. ಅಲ್ಲಿ ಅದು ಹೇಗೋ ನಡೆಯುತ್ತದೆ, ಹಲಗೆಯ ಮೇಲೆ ನಡೆಯುವುದಿಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಭಾರ. ಐದಡಿಗೆ ಆರಡಿಯ ಸಣ್ಣ ಬಚ್ಚಲೆಂದರೂ 30 ಚದರ ಅಡಿ. ಅದರ ಮೇಲೆ ಮೂರು ಅಂಗುಲ ಗಾರೆಯೆಂದರೆ ಏಳೂವರೆ ಘನ ಅಡಿ, ತೂಕ 400 ಕಿಲೋಗ್ರಾಂಗೂ ಹೆಚ್ಚು. ಎಂಟು ಮೂಟೆ ಸಿಮೆಂಟನ್ನು ಹಗಲೂ ರಾತ್ರಿ, ವರ್ಷಾನುಗಟ್ಟಲೆ ಒಂದೇ ಮೂಲೆಯಲ್ಲಿ ಪೇರಿಸಿಟ್ಟಂತಾಯಿತು. ಇದರ ಮೇಲೆ ಟೈಲ್ಸ್, ಕಮೋಡು, ನೀರು ತುಂಬಿದ ಡ್ರಮ್ಮು, ಮನುಷ್ಯರು. ಮಲಗಲು, ಕಾಳುಕಡ್ಡಿ ಇಡಲು ಹಾಕಿದ ಜಂತೆಗಳಿಗೆ ಇದು ಲೆಕ್ಕಕ್ಕೆ ಬಾರದೆ ಬಂದ ಹೊರೆ.

ಎರಡನೆಯದು ಮರದ ಅಲುಗಾಟ. ಹಲಗೆ ಉದ್ದಕ್ಕೆ ಹೆಚ್ಚೂ ಕಡಿಮೆ ಹಾಗೆಯೇ ಇರುತ್ತದೆ, ಅಗಲಕ್ಕೆ ಮಾತ್ರ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಚೈತ್ರದಲ್ಲಿ ಒಂದು ರೂಪಾಯಿ ನಾಣ್ಯ ನಿಲ್ಲುವಷ್ಟು ತೆರೆದುಕೊಳ್ಳುವ ಸಂದು ಶ್ರಾವಣದ ಹೊತ್ತಿಗೆ ತಾನಾಗಿ ಮುಚ್ಚಿಕೊಳ್ಳುವುದನ್ನು ಹಳೆಯ ಮನೆಯಲ್ಲಿ ಬೆಳೆದವರೆಲ್ಲ ಕಂಡಿದ್ದಾರೆ. ಬಯಲುಸೀಮೆಯ ಒಣ ಬೇಸಗೆ ಈ ಏರಿಳಿತವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಟೈಲ್ಸ್ ಹಿಗ್ಗುವುದೂ ಇಲ್ಲ, ಬಗ್ಗುವುದೂ ಇಲ್ಲ. ಅಲುಗುವ ವಸ್ತುವಿಗೆ ಅಲುಗದ ವಸ್ತುವನ್ನು ಗಟ್ಟಿಯಾಗಿ ಅಂಟಿಸಿದರೆ ಎಲ್ಲಿಯೋ ಒಂದು ಕಡೆ ಬಿರಿಯಲೇಬೇಕು.

ಮೂರನೆಯದು ನೀರು. ಟೈಲ್ಸ್ ಹಾಕಿದ ನೆಲಕ್ಕೆ ನೀರು ಇಳಿಯುವುದಿಲ್ಲವೆಂಬ ನಂಬಿಕೆ ಸರ್ವತ್ರ ಇದೆ. ಇದು ತಪ್ಪು. ಟೈಲ್ಸ್ ನೀರು ಕುಡಿಯದಿರಬಹುದು, ಆದರೆ ಸಂದಿಯ ಸಿಮೆಂಟು ಕುಡಿಯುತ್ತದೆ. ಒಂದು ಕೂದಲೆಳೆ ಬಿರುಕು ಬಿಟ್ಟರಂತೂ ದಿನಕ್ಕೆ ನಾಲ್ಕಾರು ಬಾರಿ ಅಷ್ಟಷ್ಟು ನೀರು ಕೆಳಗಿಳಿಯುತ್ತದೆ. ಕೆಳಗೆ ಇಳಿದದ್ದು ಮೇಲಿನ ಟೈಲ್ಸ್ ಮತ್ತು ಪಕ್ಕದ ಪ್ಲಾಸ್ಟಿಕ್ ಹಾಳೆಯ ದೆಸೆಯಿಂದ ಮತ್ತೆ ಆರಿ ಹೋಗಲಾರದು. ಸರಿಯಾಗಿ ಒಣಗದ ಅಡಿಕೆಯನ್ನು ಮೂಟೆ ಕಟ್ಟಿ ಗೋದಾಮಿನ ಮೂಲೆಗೆ ತಳ್ಳಿದರೆ ಏನಾಗುತ್ತದೆಂದು ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ. ಪಾರ್ಚ್‌ಮೆಂಟ್ ಕಾಫಿಯನ್ನು ನೂರಕ್ಕೆ ಹತ್ತರ ತೇವಕ್ಕೆ ಇಳಿಸಿದ ಮೇಲೆಯೇ ಚೀಲಕ್ಕೆ ತುಂಬುವವರು ನಾವು. ಅದೇ ಎಚ್ಚರಿಕೆ ಮನೆಯ ಹಲಗೆಗೆ ಏಕೆ ಬೇಡ?

ನಿಟ್ಟೂರಿನ ಆಸುಪಾಸಿನ ಒಂದು ಮನೆಯಲ್ಲಿ ಇಂಥ ಬಚ್ಚಲನ್ನು ಈಚೆಗೆ ಕೀಳಿಸಬೇಕಾಯಿತು. ಮೇಲೆ ಟೈಲ್ಸ್ ಕನ್ನಡಿಯಂತೆಯೇ ಇದ್ದವು. ಬಾಗಿಲ ಬಳಿ ಎರಡು ಮಾತ್ರ ತಟ್ಟಿದರೆ ಟೊಳ್ಳು ಶಬ್ದ ಕೊಡುತ್ತಿದ್ದವು. ಕೆಳಗಿನ ಹಲಗೆ ಬೆರಳಿಗೆ ಪುಡಿಯಾಗುತ್ತಿತ್ತು. ಗೋಡೆಯೊಳಗೆ ಸೇರಿದ ತೊಲೆಯ ತಲೆ ಗೇಣುದ್ದ ಕೊಳೆತಿತ್ತು. ಆ ತೊಲೆಯ ನೇರ ಕೆಳಗೆ ಮನೆಯ ಮಕ್ಕಳು ಓದಲು ಕೂರುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲವೆಂಬುದು ದೇವರ ದಯೆ. ಮಹಡಿಯ ಆ ಭಾಗವನ್ನೇ ಇಳಿಸಬೇಕಾಯಿತು.

ಹೊರದೇಶದ ಪಾಠ, ಅದರ ಮಿತಿ

ಮರದ ನೆಲದ ಮೇಲೆ ಟೈಲ್ಸ್ ಹಾಕಲು ಬರುವುದೇ ಇಲ್ಲವೆಂದೇನೂ ಇಲ್ಲ. ಅಮೆರಿಕದಲ್ಲಿ ವಾಸದ ಮನೆಗಳು ಬಹುಪಾಲು ಮರದವೇ. ಅಲ್ಲಿ ಇದು ನಿತ್ಯದ ಕೆಲಸ. ಅವರು ಇಟ್ಟುಕೊಂಡಿರುವ ಮೊದಲ ನಿಯಮ ಟೈಲ್ಸ್ ಕುರಿತಾದದ್ದಲ್ಲ, ನೆಲ ಬಗ್ಗುವುದನ್ನು ಕುರಿತಾದದ್ದು. ಭಾರ ಬಿದ್ದಾಗ ಜಂತೆ ತನ್ನ ಉದ್ದದ 360ರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಗ್ಗಬಾರದು. ಕಲ್ಲಿನ ಹಾಸಾದರೆ 720ರಲ್ಲಿ ಒಂದು ಪಾಲು. ನಮ್ಮ ಲೆಕ್ಕದಲ್ಲಿ ಹತ್ತಡಿ ಉದ್ದದ ಜಂತೆ ನಡುವೆ ಒಂದು ಅಂಗುಲದ ಮೂರನೆಯ ಒಂದು ಭಾಗದಷ್ಟು ಬಗ್ಗಬಹುದು, ಗ್ರಾನೈಟ್ ಹಾಕುವುದಾದರೆ ಆರನೆಯ ಒಂದು ಭಾಗದಷ್ಟು ಮಾತ್ರ. ಜಂತೆಯ ಮೇಲೆ ಗಟ್ಟಿ ಪ್ಲೈವುಡ್, ಅದರ ಮೇಲೆ ಸಿಮೆಂಟ್ ಬೋರ್ಡು, ನೀರು ತಡೆಯುವ ಲೇಪ, ಕೊನೆಗೆ ಟೈಲ್ಸ್, ಇದು ಅವರ ಪದ್ಧತಿ.

ಆದರೆ ಅವರ ಪದ್ಧತಿಯನ್ನು ಹಾಗೆಯೇ ಇಲ್ಲಿಗೆ ತಂದರೆ ಸಾಲದು. ಅವರು ಮೀಯುವುದು ತೊಟ್ಟಿಯಲ್ಲಿ ಅಥವಾ ಗಾಜಿನ ಗೂಡಿನಲ್ಲಿ. ಉಳಿದ ನೆಲ ಒಣಗಿಯೇ ಇರುತ್ತದೆ. ನಾವು ಮೀಯುವುದು ಬಕೀಟು ಚೊಂಬಿನಲ್ಲಿ. ಎಣ್ಣೆನೀರು ಹಾಕಿಕೊಂಡ ದಿನ ಗೋಡೆಯಿಂದ ಗೋಡೆಗೆ ನೀರು. ಅಲ್ಲೇ ಬಟ್ಟೆ ಒಗೆಯುವುದೂ ಉಂಟು, ನಿತ್ಯ ಪೊರಕೆ ಹಾಕಿ ತೊಳೆಯುವುದೂ ಉಂಟು. ಆದುದರಿಂದ ಅವರು ಸ್ನಾನದ ಗೂಡಿಗೆ ಮಾತ್ರ ಮಾಡುವ ನೀರಿನ ಬಂದೋಬಸ್ತನ್ನು ನಾವು ಇಡೀ ಕೋಣೆಗೆ ಮಾಡಬೇಕು. ಇಲ್ಲಿ ಉಳಿತಾಯಕ್ಕೆ ಅವಕಾಶವಿಲ್ಲ.

ಕೆಲಸದ ಕ್ರಮ

ಈ ವಿಷಯ ಬಲ್ಲ ಬಡಗಿಗಳೊಡನೆ, ಇಂಜಿನಿಯರರೊಡನೆ ವಿಚಾರ ಮಾಡಿ, ನಮ್ಮ ಮನೆಗಳಿಗೆ ಹೊಂದುವಂತೆ ಕ್ರಮವನ್ನು ಇಲ್ಲಿ ಕೊಟ್ಟಿದ್ದೇವೆ. ಒಂದರ ಬದಲು ಇನ್ನೊಂದು ಮಾಡಬಾರದು, ಹಿಂದುಮುಂದೂ ಮಾಡಬಾರದು.

ಮೊದಲು ಬಿಚ್ಚಿ ನೋಡುವುದು. ಕೋಣೆಯ ಹಲಗೆಗಳನ್ನು ಎಬ್ಬಿಸಿ ಜಂತೆ, ತೊಲೆಗಳನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು. ಚೂಪಾದ ದಬ್ಬಣದಿಂದ ಚುಚ್ಚಿದರೆ ಒಳ್ಳೆಯ ಮರ ತಡೆಯುತ್ತದೆ, ಕೆಟ್ಟದ್ದು ಬೆಣ್ಣೆಯಂತೆ ಒಳಗೆ ಬಿಡುತ್ತದೆ. ಗೋಡೆಯೊಳಗೆ ಹೊಕ್ಕಿರುವ ತೊಲೆಯ ತಲೆಗಳನ್ನು ತಪ್ಪದೆ ನೋಡಬೇಕು. ಮರ ಮೊದಲು ಕೆಡುವುದು ಗಾಳಿಯಾಡದ ಆ ಜಾಗದಲ್ಲೇ. ಗೆದ್ದಲಿನ ಮಣ್ಣುಗೆರೆ ಕಂಡರೆ ಅದರ ಮೂಲ ಹುಡುಕಿ ನಿವಾರಿಸುವ ತನಕ ಮುಂದಿನ ಕೆಲಸವಿಲ್ಲ.

ಎರಡನೆಯದು ಬಲಪಡಿಸುವುದು. ನೆಲದ ನಡುವೆ ಒಂದು ಚೊಂಬು ನೀರಿಟ್ಟು, ಗಟ್ಟಿಮುಟ್ಟಾದ ಒಬ್ಬರು ಪಕ್ಕದಲ್ಲಿ ನಡೆದಾಡಲಿ. ನೀರು ತುಳುಕುವಷ್ಟು ಅಲುಗಿದರೆ ಆ ನೆಲ ಟೈಲ್ಸ್ ಹೊರಲಾರದು. ಅಲುಗದಿದ್ದರೂ ಬೀಳುವ ಭಾರಕ್ಕೆ ಜಂತೆಯ ಗಾತ್ರ ಸಾಕೇ ಎಂದು ತಿಳಿದವರಿಂದ ಲೆಕ್ಕ ಹಾಕಿಸಬೇಕು. ಸಾಲದಿದ್ದರೆ ಹಳೆಯ ಜಂತೆಗೆ ಹೊಸದೊಂದನ್ನು ಬೋಲ್ಟು ಹಾಕಿ ಜೋಡಿಸುವುದು, ಜಂತೆಗಳ ನಡುವೆ ಅಡ್ಡಪಟ್ಟಿ ಬಿಗಿಯುವುದು, ಅಗತ್ಯವಿದ್ದರೆ ಕೆಳಗಿನಿಂದ ಕಬ್ಬಿಣದ ತೊಲೆ ಕೊಡುವುದು, ಇವುಗಳಲ್ಲಿ ಯಾವುದೆಂದು ಇಂಜಿನಿಯರರು ಹೇಳಲಿ.

ಮೂರನೆಯದು ಕೊಳಾಯಿ ಕೆಲಸದವರ ಕೈ ಹಿಡಿಯುವುದು. ಪೈಪು ಹೋಗಲೆಂದು ಜಂತೆಯನ್ನು ಅರ್ಧ ಕತ್ತರಿಸಿ ಬಿಡುವ ಪದ್ಧತಿ ಬಹಳ ಇದೆ. ಜಂತೆಯ ಎತ್ತರದ ಮೂರನೆಯ ಒಂದು ಪಾಲಿಗಿಂತ ದೊಡ್ಡ ತೂತು ಕೊರೆಯಬಾರದು, ಮೇಲಂಚು ಕೆಳಅಂಚುಗಳಿಂದ ಎರಡು ಅಂಗುಲ ದೂರವಿರಬೇಕು, ನಡುಭಾಗದಲ್ಲಿ ಕಚ್ಚು ಹಾಕಲೇಬಾರದು. ಆರು ಅಂಗುಲದ ಜಂತೆಯಲ್ಲಿ ಎರಡಂಗುಲದ ತೂತಷ್ಟೇ ನ್ಯಾಯ. ಕಮೋಡಿನ ನಾಲ್ಕಂಗುಲದ ಪೈಪು ಅದನ್ನು ದಾಟಲು ಸಾಧ್ಯವೇ ಇಲ್ಲ. ಅದು ಎರಡು ಜಂತೆಗಳ ನಡುವೆ ಅವುಗಳ ಉದ್ದಕ್ಕೇ ಸಾಗಿ ಹೊರಗೋಡೆಯಲ್ಲಿ ಇಳಿಯಬೇಕು. ಹಾಗಾಗುವಂತೆಯೇ ಕಮೋಡಿನ ಜಾಗ ಗೊತ್ತುಮಾಡಬೇಕು.

ನಾಲ್ಕನೆಯದು ಮರಕ್ಕೆ ಔಷಧಿ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲ ಬೆರೆಸಿದ ದ್ರಾವಣವನ್ನು ಜಂತೆ, ತೊಲೆಗಳಿಗೆ ಎರಡು ಮೂರು ಬಾರಿ ಬಳಿದು ಪೂರ್ತಿ ಒಣಗಲು ಬಿಡಬೇಕು. ಬೋರ್ಡೋ ದ್ರಾವಣವನ್ನು ಕೊಳೆರೋಗ ಬಂದ ಮೇಲಲ್ಲ, ಮಳೆ ಹಿಡಿಯುವ ಮೊದಲೇ ಸಿಂಪಡಿಸುವಂತೆ ಇದೂ ಮೊದಲೇ ಆಗಬೇಕಾದ ಕೆಲಸ. ಶಿವರಾತ್ರಿಯ ನಂತರ, ಮುಂಗಾರಿಗೆ ಮೊದಲು ಇದಕ್ಕೆ ಒಳ್ಳೆಯ ಕಾಲ. ಮಳೆಯಲ್ಲಿ ನೆನೆದ ಮರದ ಮೇಲೆ ಯಾವ ಪದರವನ್ನೂ ಮುಚ್ಚಬಾರದು.

ಐದನೆಯದು ಇಳಿಜಾರು ಮತ್ತು ಪ್ಲೈವುಡ್. ಅಡಿಗೆ ಕಾಲು ಅಂಗುಲದ ಇಳಿಜಾರನ್ನು ಗಾರೆ ತುಂಬಿ ಮಾಡದೆ, ಜಂತೆಗಳ ಮೇಲೆ ಓರೆಯಾಗಿ ಸೀಳಿದ ಮರದ ಪಟ್ಟಿ ಬಡಿದು ಮಾಡಿಕೊಂಡರೆ ನಾನ್ನೂರು ಕಿಲೋ ಭಾರ ಅಲ್ಲಿಗೇ ತಪ್ಪಿತು. ಅದರ ಮೇಲೆ 18 ಅಥವಾ 19 ಮಿಲಿಮೀಟರ್ ದಪ್ಪದ, ಐ.ಎಸ್. 710 ಗುರುತಿನ ಮೆರೈನ್ ಪ್ಲೈವುಡ್. ಅಗ್ಗದ ಪ್ಲೈವುಡ್ಡನ್ನಾಗಲಿ ಪಾರ್ಟಿಕಲ್ ಬೋರ್ಡನ್ನಾಗಲಿ ಹತ್ತಿರ ಸೇರಿಸಬಾರದು. ಪ್ಲೈವುಡ್ಡಿನ ಉದ್ದ ಜಂತೆಗಳಿಗೆ ಅಡ್ಡವಾಗಿರಲಿ. ಹಾಳೆಗಳ ನಡುವೆ ಅರೆಕಾಲು ಅಂಗುಲ, ಗೋಡೆಯ ಬದಿಗೆ ಕಾಲು ಅಂಗುಲ ಬಿಡುವು ಇರಲಿ. ಮೊಳೆ ಹೊಡೆಯದೆ ತುಕ್ಕು ಹಿಡಿಯದ ಸ್ಕ್ರೂ ಬಿಗಿಸಬೇಕು. ಮೊಳೆ ಕಾಲಕ್ರಮದಲ್ಲಿ ಸಡಿಲಗೊಂಡು ಮೇಲೇಳುತ್ತದೆ.

ಆರನೆಯದು ಸಿಮೆಂಟ್ ಬೋರ್ಡು. ಅಂಗಡಿಗಳಲ್ಲಿ ಫೈಬರ್ ಸಿಮೆಂಟ್ ಬೋರ್ಡ್ ಎಂದು ಕೇಳಿದರೆ ಸಿಗುತ್ತದೆ, ಐ.ಎಸ್. 14862 ಇದರ ಮಾನಕ. ಸೂರಿನ ಕೆಳಗೆ ಹೊಡೆಯುವ ತೆಳು ಹಾಳೆ ಬೇಡ, ಒದ್ದೆ ನೆಲಕ್ಕೆಂದೇ ಇರುವುದನ್ನು ಕೇಳಬೇಕು. ಇದು ನೆಲಕ್ಕೆ ಬಲ ಕೊಡುವುದಿಲ್ಲವೆಂಬುದನ್ನು ಮರೆಯಬಾರದು. ಟೈಲ್ಸ್ ಅಂಟಲು ನೀರಿಗೆ ಉಬ್ಬದ ಮೈ ಕೊಡುವುದಷ್ಟೇ ಇದರ ಕೆಲಸ. ಪ್ಲೈವುಡ್ಡಿನ ಮೇಲೆ ಹಲ್ಲು ಕರಣೆಯಿಂದ ಅಂಟು ಹರಡಿ, ಅದರ ಮೇಲೆ ಬೋರ್ಡು ಕೂರಿಸಿ, ಸ್ಕ್ರೂ ಬಿಗಿದು, ಸಂದಿಗೆ ಬಲೆಯ ಪಟ್ಟಿ ಹಾಕಿ ಅಂಟಿನಿಂದ ಮುಚ್ಚಬೇಕು. ಪ್ಲೈವುಡ್ಡಿನ ಸಂದಿಯ ಮೇಲೆಯೇ ಬೋರ್ಡಿನ ಸಂದಿ ಬರದಿರಲಿ.

ಏಳನೆಯದು ನೀರು ತಡೆಯುವ ಲೇಪ. ಇದೇ ಈ ಕೆಲಸದ ಜೀವ. ರಬ್ಬರಿನಂತೆ ಬಗ್ಗುವ ಲೇಪವೇ ಬೇಕು. ಗಡುಸಾದ ಸಿಮೆಂಟು ಲೇಪ ಮರದ ಅಲುಗಾಟಕ್ಕೆ ಬಿರಿಯುತ್ತದೆ. ಮೂಲೆಗಳಿಗೆ, ನಹಾನಿ ಟ್ರ್ಯಾಪಿನ ಸುತ್ತ ಬಟ್ಟೆಯ ಪಟ್ಟಿ ಸೇರಿಸಿ ಎರಡು ಸಲ ಬಳಿಯಬೇಕು. ಗೋಡೆಗೆ ಸುತ್ತಲೂ ಒಂದಡಿ, ಮೀಯುವ ಕಡೆ ಆರಡಿ ಎತ್ತರಕ್ಕೆ ಲೇಪ ಏರಬೇಕು. ಬಾಗಿಲಲ್ಲಿ ಎರಡಂಗುಲದ ಹೊಸ್ತಿಲು ಕಟ್ಟಿ ಅದರ ಮೇಲೂ ಬಳಿಯಬೇಕು.

ಎಂಟನೆಯದು ನೀರಿನ ಪರೀಕ್ಷೆ. ಲೇಪ ಒಣಗಿದ ಮೇಲೆ ಟ್ರ್ಯಾಪನ್ನು ಮುಚ್ಚಿ ಒಂದಂಗುಲ ನೀರು ನಿಲ್ಲಿಸಬೇಕು. 30 ಚದರ ಅಡಿಗೆ ಸುಮಾರು 70 ಲೀಟರು ಸಾಕು. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಬಿಟ್ಟು, ಕೆಳಗಿನಿಂದ ದೀಪ ಹಿಡಿದು ನೋಡಬೇಕು. ಒಂದು ಹನಿ ಕಂಡರೂ ಟೈಲ್ಸ್ ಪೆಟ್ಟಿಗೆ ತೆರೆಯಬಾರದು.

ಇಷ್ಟಾದ ಮೇಲೆ ಟೈಲ್ಸ್. ಸಿಮೆಂಟು ಹಾಲು ಬೇಡ, ಐ.ಎಸ್. 15477 ಗುರುತಿನ, ಮರ ಆಧಾರಿತ ನೆಲಕ್ಕೆ ಆಗುವ, ಸ್ವಲ್ಪ ಬಗ್ಗುವ ಗುಣದ ಅಂಟನ್ನು ಕೇಳಿ ತರಬೇಕು. ಕಾಲು ಜಾರದ ಒರಟು ಮೈಯ, ಒಂದಡಿಗಿಂತ ದೊಡ್ಡದಲ್ಲದ ಟೈಲ್ಸ್ ಆರಿಸಬೇಕು. ಹಿರಿಯರ ಅನುಕೂಲಕ್ಕೆಂದು ಕಟ್ಟಿದ ಬಚ್ಚಲಲ್ಲೇ ಅವರು ಜಾರಿ ಬೀಳುವಂತಾದರೆ ಆ ಅನುಕೂಲಕ್ಕೆ ಅರ್ಥವೇನು? ನೆಲ ಗೋಡೆ ಕೂಡುವ ಸಂದಿಗೆ ಸಿಮೆಂಟು ತುಂಬದೆ ಸಿಲಿಕೋನ್ ತುಂಬಬೇಕು. ಕೆಳಗಿನ ಕೋಣೆಯ ಸೂರನ್ನು ಪ್ಲಾಸ್ಟರ್ ಹಲಗೆಯಿಂದ ಮುಚ್ಚಿ ಅಲಂಕರಿಸಬಾರದು. ಜಂತೆಗಳಿಗೆ ಗಾಳಿ ಆಡುತ್ತಿರಲಿ, ವರ್ಷಕ್ಕೊಮ್ಮೆ ಕಣ್ಣಾಡಿಸಿ ನೋಡಲು ಬರುವಂತಿರಲಿ.

ಯಾವಾಗ ಬೇಡವೆನ್ನಬೇಕು

ದಬ್ಬೆ ಹಾಸಿ ಮಣ್ಣು ಬಡಿದ ಮಾಳಿಗೆ, ಜಂತೆ ಶಿಥಿಲವಾದ ಮದ್ರಾಸ್ ತಾರಸಿ, ಕಾಲು ಕರಗಿದ ಮಣ್ಣುಗೋಡೆ, ಇವುಗಳ ಮೇಲೆ ಎಷ್ಟು ಖರ್ಚು ಮಾಡಿದರೂ ಬಚ್ಚಲು ನಿಲ್ಲುವುದಿಲ್ಲ. ಅಂಥಲ್ಲಿ ಎರಡು ದಾರಿಗಳಿವೆ. ಹಿರಿಯರ ಮಲಗುವ ಕೋಣೆಯನ್ನೇ ಕೆಳಕ್ಕೆ ತಂದು, ಅದಕ್ಕೆ ತಗಲಿಕೊಂಡಂತೆ ನೆಲದ ಮೇಲೆ ಬಚ್ಚಲು ಕಟ್ಟುವುದು ಒಂದು. ಮನೆಯ ಹೊರಗೋಡೆಗೆ ಒತ್ತಿ, ಸ್ವಂತ ತಳಪಾಯ, ಸ್ವಂತ ಕಂಬಗಳ ಮೇಲೆ ಸಣ್ಣ ಆರ್.ಸಿ.ಸಿ. ಬಚ್ಚಲು ಎಬ್ಬಿಸಿ, ಮಹಡಿಯಿಂದ ಬಾಗಿಲು ಕೊಡುವುದು ಇನ್ನೊಂದು. ಇದರಲ್ಲಿ ಹಳೆಯ ಮನೆಯ ಮೇಲೆ ಹೊರೆಯೂ ಇಲ್ಲ, ನೀರೂ ಇಲ್ಲ. ಹಳೆಯ ಮರದ ರಿಪೇರಿಯ ಖರ್ಚು ಲೆಕ್ಕ ಹಾಕಿದರೆ ಹಲವು ವೇಳೆ ಇದೇ ಅಗ್ಗವಾದೀತು. ನೀರಿನ ದೊಡ್ಡ ತೊಟ್ಟಿಯನ್ನಂತೂ ಮರದ ಮಹಡಿಯ ಮೇಲೆ ಯಾವ ಕಾರಣಕ್ಕೂ ಇಡಬಾರದು.

ದೋಷ ಇರುವುದು ಗುತ್ತಿಗೆಯಲ್ಲಿ

ಕೆಲಸದವರನ್ನು ಬೈದು ಪ್ರಯೋಜನವಿಲ್ಲ. ಚದರಡಿ ಲೆಕ್ಕದಲ್ಲಿ ಟೈಲ್ಸ್‌ಗೆ ಮಾತ್ರ ಹಣ ಕೊಡುವವರು ನಾವು. ಕೆಳಗೆ ನೋಡಿದ್ದಕ್ಕೆ, ದಬ್ಬಣ ಚುಚ್ಚಿದ್ದಕ್ಕೆ, ಒಂದು ದಿನ ನೀರು ನಿಲ್ಲಿಸಿ ಕಾದದ್ದಕ್ಕೆ ಯಾರು ಕೂಲಿ ಕೊಟ್ಟಿದ್ದೇವೆ? ಕೊಡದಿದ್ದ ಮೇಲೆ ಬೇಗ ಮುಚ್ಚಿ ಬೇಗ ಹೋಗುವುದೇ ಅವರಿಗೆ ಲಾಭ. ಮರದ ಮರ್ಮ ಬಲ್ಲ ಆಚಾರಿಗಳು ಊರೂರಿಗೆ ವಿರಳವಾಗುತ್ತಿದ್ದಾರೆ. ಇರುವವರನ್ನು ಬಾಗಿಲು ಕಿಟಕಿಗೆ ಮಾತ್ರ ಕರೆಯುತ್ತೇವೆ. ಇನ್ನು ಮೇಲೆ ಇಂಥ ಕೆಲಸಕ್ಕೆ ಮೊದಲು ಬರಬೇಕಾದವರು ಆಚಾರಿಗಳು, ಅವರ ನಂತರ ಕೊಳಾಯಿಯವರು, ಕೊನೆಗೆ ಟೈಲ್ಸ್‌ನವರು. ಮೂವರನ್ನೂ ಒಂದು ದಿನ ಒಟ್ಟಿಗೆ ಕೂರಿಸಿ ಕಾಫಿ ಕೊಟ್ಟು ಮಾತಾಡಿಸಿದರೆ ಅರ್ಧ ಕೆಲಸ ಆದಂತೆ. ಪರೀಕ್ಷೆಗೂ ಕಾಯುವಿಕೆಗೂ ಬೇರೆಯಾಗಿ ಕೂಲಿ ಗೊತ್ತುಮಾಡಬೇಕು.

ನಮ್ಮಂಥ ಸಹಕಾರ ಸಂಘಗಳಿಗೂ ಇದರಲ್ಲಿ ಜವಾಬ್ದಾರಿ ಇದೆ. ಮನೆ ದುರಸ್ತಿಗೆ ಸಾಲ ಕೊಡುವಾಗ ಅಂದಾಜು ಪಟ್ಟಿ ನೋಡುತ್ತೇವೆ, ಜಾಮೀನು ನೋಡುತ್ತೇವೆ, ಜಂತೆ ನೋಡುವುದಿಲ್ಲ. ಮರದ ಮಹಡಿಯ ಬಚ್ಚಲಿಗೆ ಕೊಡುವ ಸಾಲವನ್ನು ಮೂರು ಕಂತು ಮಾಡಬೇಕೆಂಬುದು ನಮ್ಮ ಸಲಹೆ. ನೆಲ ಬಿಚ್ಚಿ ಪರೀಕ್ಷಿಸಿ, ಬಲಪಡಿಸುವ ಕೆಲಸಕ್ಕೆ ಮೊದಲ ಕಂತು. ಪ್ಲೈವುಡ್, ಬೋರ್ಡು, ಲೇಪಕ್ಕೆ ಎರಡನೆಯದು. 24 ಗಂಟೆಯ ನೀರಿನ ಪರೀಕ್ಷೆ ಮುಗಿದ ಮೇಲೆ ಟೈಲ್ಸ್‌ಗೆ ಮೂರನೆಯದು. ಪ್ರತಿ ಹಂತದಲ್ಲೂ ತೆರೆದ ನೆಲದ ಎರಡು ಛಾಯಾಚಿತ್ರ ಕಡತಕ್ಕೆ ಸೇರಲಿ. ಇದು ಸದಸ್ಯರ ಮೇಲೆ ಅಪನಂಬಿಕೆಯಲ್ಲ. ಸಾಲ ತೀರುವ ಮೊದಲೇ ಬಚ್ಚಲು ಕೀಳಿಸುವ ಪರಿಸ್ಥಿತಿ ಬಂದರೆ ಇಲ್ಲದ ಬಚ್ಚಲಿಗೆ ಕಂತು ಕಟ್ಟಬೇಕಾದವರು ಸದಸ್ಯರೇ. ಮರದ ಗುಣ, ಸಂರಕ್ಷಣೆಗಳ ಬಗ್ಗೆ ಸಂದೇಹವಿದ್ದವರಿಗೆ ಬೆಂಗಳೂರು ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ತುಮಕೂರಿನಿಂದ ಒಂದು ಬೆಳಗಿನ ಪ್ರಯಾಣವಷ್ಟೆ.

ಈ ಸಲಹೆಯನ್ನು ಮುಂದಿನ ಆಡಳಿತ ಮಂಡಲಿ ಸಭೆಯ ಮುಂದೆ ಇಡಲಿದ್ದೇವೆ. ಮಹಡಿಯ ಬಚ್ಚಲು ಮಾಡಿಸಿರುವ ಸದಸ್ಯರು, ಅದು ಚೆನ್ನಾಗಿ ನಡೆದಿರಲಿ ಕೆಟ್ಟಿರಲಿ, ತಮ್ಮ ಅನುಭವವನ್ನು ಬರೆದು ಕಳುಹಿಸಬೇಕೆಂದು ಕೋರುತ್ತೇವೆ. ಈಗಾಗಲೇ ಟೈಲ್ಸ್ ಆರಿಸಿ ತಂದಿಟ್ಟಿರುವವರು ಪೆಟ್ಟಿಗೆಗಳನ್ನು ಹಾಗೆಯೇ ಬಿಟ್ಟು, ಮೊದಲು ಒಬ್ಬ ಒಳ್ಳೆಯ ಆಚಾರಿಯನ್ನು ಕರೆಸಿ ನಾಲ್ಕು ಹಲಗೆ ಎಬ್ಬಿಸಿ ನೋಡಲಿ ಎಂದು ವಿನಂತಿ.